ಓದುವುದು, ಓದುವ, ಓದಲಿಕ್ಕೆ: ಜೆರಂಡ್, ಪಾರ್ಟಿಸಿಪಲ್, ಇನ್ಫಿನಿಟಿವ್ ಕಲಿಯುವ ದಾರಿ

ಪ್ರಶ್ನೆ: ಮಾಷ್ಟ್ರೇ, ನಮಸ್ಕಾರ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದವಳು. ಹತ್ತನೇ ಕ್ಲಾಸಿನ ತನಕ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಡಿಗ್ರಿ ಮುಗಿಸಿ ಈಗ ಸರಕಾರಿ ಕೆಲಸದ ಪಿಎಸ್‌ಸಿ ಪರೀಕ್ಷೆಗೆ ತಯಾರಿ ಮಾಡುತ್ತಿದ್ದೇನೆ. ಇಂಗ್ಲಿಷ್ ಭಾಗದಲ್ಲಿ ಜೆರಂಡ್, ಪಾರ್ಟಿಸಿಪಲ್, ಇನ್ಫಿನಿಟಿವ್ ಬಂದ ಕೂಡಲೇ ಎಲ್ಲ ಕಲಸಿಹೋಗುತ್ತದೆ. ‘ಇಂಗ್’ ಇದ್ದರೆ ಜೆರಂಡ್ ಅಂತ ಒಬ್ಬರು ಹೇಳಿದರು, ಪಾರ್ಟಿಸಿಪಲ್ ಅಂತ ಇನ್ನೊಬ್ಬರು. ‘ಟು’ ಆದ ಮೇಲೆ ಕ್ರಿಯಾಪದಕ್ಕೆ ಏನೂ ಸೇರಿಸಬಾರದು ಅಂತ ಕಲಿತಿದ್ದೆ. ಆದರೆ ‘ಲುಕಿಂಗ್ ಫಾರ್ವರ್ಡ್ ಟು ಮೀಟಿಂಗ್ ಯು’ ಸರಿ, ‘ಟು ಮೀಟ್ ಯು’ ತಪ್ಪು ಅಂತ ಉತ್ತರಪಟ್ಟಿಯಲ್ಲಿತ್ತು. ಪಟ್ಟಿ ಬಾಯಿಪಾಠ ಮಾಡುವುದು ಬಿಟ್ಟು ಬೇರೆ ದಾರಿ ಇದೆಯಾ?

ಉತ್ತರ: ಇದೆ. ಆ ದಾರಿ ಶುರುವಾಗುವುದು ನಿಮ್ಮ ಕನ್ನಡದಿಂದಲೇ. ಗಡಿನಾಡಿನ ಕನ್ನಡ ಮಾಧ್ಯಮದ ಮಕ್ಕಳು ಇಂಗ್ಲಿಷ್ ವ್ಯಾಕರಣ ಅಂದರೆ ಸೊನ್ನೆಯಿಂದ ಶುರು ಮಾಡಬೇಕು ಅಂದುಕೊಳ್ಳುತ್ತಾರೆ. ಅದನ್ನು ನೋಡುವಾಗ ನನಗೆ ಬೇಸರವಾಗುತ್ತದೆ. ಈ ವಿಷಯದಲ್ಲಂತೂ ನಿಮ್ಮ ಕೈಯಲ್ಲಿ ಅರ್ಧಕ್ಕಿಂತ ಜಾಸ್ತಿ ಇದೆ.

ಕನ್ನಡ ವ್ಯಾಕರಣದಲ್ಲಿ ‘ಕೃದಂತ’ ಅಂತ ಒಂದು ಭಾಗ ಇದೆ. ಮರೆತಿದ್ದರೂ ಚಿಂತೆಯಿಲ್ಲ, ವಿಷಯ ಸರಳ. ಧಾತುವಿಗೆ, ಅಂದರೆ ಕ್ರಿಯಾಪದದ ಮೂಲ ರೂಪಕ್ಕೆ, ಕೃತ್ ಪ್ರತ್ಯಯ ಸೇರಿ ಆದ ಪದ ಕೃದಂತ. ಅದರಲ್ಲಿ ಮೂರು ಬಗೆ. ‘ಓದುವ’, ‘ಓದಿದ’, ‘ಓದದ’ ಎಂಬವು ಕೃದಂತನಾಮ. ‘ಓದುವಿಕೆ’, ‘ಓಟ’, ‘ನೋಟ’ ಎಂಬವು ಕೃದಂತ ಭಾವನಾಮ. ‘ಓದಿ’, ‘ಓದುತ್ತ’, ‘ಓದಲು’, ‘ಓದಲಿಕ್ಕೆ’, ‘ಓದದೆ’ ಎಂಬವು ಕೃದಂತಾವ್ಯಯ. ಇವುಗಳಲ್ಲಿ ಯಾವುದೂ ಒಂಟಿಯಾಗಿ ವಾಕ್ಯವನ್ನು ಮುಗಿಸುವುದಿಲ್ಲ. ‘ಅವಳು ಓದಿದಳು’ ಅಂದರೆ ಮಾತು ಮುಗಿಯಿತು. ‘ಅವಳು ಓದಲಿಕ್ಕೆ’ ಅಂತ ನಿಲ್ಲಿಸಿದರೆ ಎದುರಿನವರು ‘ಓದಲಿಕ್ಕೆ ಏನು?’ ಅಂತ ಕೇಳುತ್ತಾರೆ. ‘ಓದುವ’ ಅಂದರೆ ‘ಓದುವ ಯಾರು?’ ಅನ್ನುತ್ತಾರೆ.

ಇಂಗ್ಲಿಷಿನ ಈ ಮೂರೂ ಹಾಗೆಯೇ. ಹುಟ್ಟಿದ್ದು ಕ್ರಿಯಾಪದದಿಂದ, ಆದರೆ ವಾಕ್ಯದಲ್ಲಿ ಮಾಡುವುದು ಬೇರೆ ಕೆಲಸ. ನಾಮಪದದ ಕೆಲಸ ಮಾಡಿದರೆ ಜೆರಂಡ್. ವಿಶೇಷಣದ ಕೆಲಸ ಮಾಡಿದರೆ, ಅಥವಾ ‘ಓದುತ್ತ’, ‘ಓದಿ’ ಎಂಬಂತೆ ಇನ್ನೊಂದು ಕ್ರಿಯೆಗೆ ಜೊತೆಯಾದರೆ ಪಾರ್ಟಿಸಿಪಲ್. ‘ಓದಲು’, ‘ಓದಲಿಕ್ಕೆ’ ಎಂಬ ಜಾಗಕ್ಕೆ ಬರುವುದು ಇನ್ಫಿನಿಟಿವ್. ನಮ್ಮೂರಿನ ಮಟ್ಟಿಗೆ ಇನ್ನೊಂದು ಅನುಕೂಲವೂ ಇದೆ. ನೀವು ಪೇಟೆಯಲ್ಲಿ ಮಲಯಾಳ ಮಾತಾಡುವವರು. ‘ವಾಯನ’, ‘ವಾಯಿಕ್ಕುನ್ನ’, ‘ವಾಯಿಕ್ಕಾನ್’ ಎಂಬ ಮೂರನ್ನು ಯಾವತ್ತಾದರೂ ಅದಲುಬದಲು ಮಾಡಿದ್ದೀರಾ? ಇಲ್ಲ. ಈ ಮೂರು ಕೆಲಸಗಳ ವ್ಯತ್ಯಾಸ ನಿಮಗೆ ಎರಡು ಭಾಷೆಯಲ್ಲಿ ಗೊತ್ತು. ಮೂರನೆಯದರಲ್ಲಿ ಗುರುತು ಹಿಡಿಯುವುದಷ್ಟೇ ಬಾಕಿ.

ಹಾಗಾದರೆ ತೊಂದರೆ ಎಲ್ಲಿ? ‘ಇಂಗ್’ನಲ್ಲಿ. ಕನ್ನಡ ‘ಓದುವುದು’, ‘ಓದುವ’, ‘ಓದುತ್ತ’ ಅಂತ ಬೇರೆ ಬೇರೆ ರೂಪ ಇಟ್ಟುಕೊಂಡಿದೆ. ಇಂಗ್ಲಿಷ್ ಮೂರಕ್ಕೂ ‘ರೀಡಿಂಗ್’ ಅನ್ನುತ್ತದೆ. ಮೊದಲು ಹೀಗಿರಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಪಾರ್ಟಿಸಿಪಲ್ಲಿಗೆ ‘ಎಂಡೆ’ ಎಂಬ ಪ್ರತ್ಯಯ ಇತ್ತು, ಭಾವನಾಮಕ್ಕೆ ‘ಉಂಗ್’ ಅಥವಾ ‘ಇಂಗ್’ ಇತ್ತು. ಸುಮಾರು 1100ರ ನಂತರದ ಕಾಲದಲ್ಲಿ ಇವೆರಡರ ಉಚ್ಚಾರಣೆ ಹತ್ತಿರ ಬರುತ್ತಾ ಬಂತು. ಕೊನೆಗೆ ಎರಡೂ ‘ಇಂಗ್’ ಆಗಿಬಿಟ್ಟವು. ರೂಪ ಒಂದಾಯಿತು, ಕೆಲಸ ಎರಡಾಗಿಯೇ ಉಳಿಯಿತು. ಯಕ್ಷಗಾನದಲ್ಲಿ ಎರಡು ಪಾತ್ರಗಳು ಒಂದೇ ವೇಷದಲ್ಲಿ ರಂಗಕ್ಕೆ ಬಂದರೆ ಮುಖವರ್ಣಿಕೆ ನೋಡಿ ಪ್ರಯೋಜನವಿಲ್ಲ. ಅದು ಏನು ಮಾತಾಡುತ್ತದೆ ಅಂತ ಕೇಳಬೇಕು. ಹಾಗಾಗಿ ‘ಇಂಗ್ ಇದ್ದರೆ ಜೆರಂಡ್’ ಅಂದವರೂ ‘ಇಂಗ್ ಇದ್ದರೆ ಪಾರ್ಟಿಸಿಪಲ್’ ಅಂದವರೂ ಅರ್ಧ ಮಾತ್ರ ಹೇಳಿದ್ದಾರೆ.

ಮೊದಲ ಪರೀಕ್ಷೆ ಸುಲಭದ್ದು. ವಾಕ್ಯವನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತನ್ನಿ. ‘ಸ್ವಿಮ್ಮಿಂಗ್ ಈಸ್ ಗುಡ್ ಎಕ್ಸರ್‌ಸೈಜ್.’ ಈಜುವುದು ಒಳ್ಳೆಯ ವ್ಯಾಯಾಮ. ‘ವುದು’ ಬಂತು, ಜೆರಂಡ್. ‘ದಿ ಬಾಯ್ ಸ್ವಿಮ್ಮಿಂಗ್ ಇನ್ ದಿ ರಿವರ್ ಈಸ್ ಮೈ ಬ್ರದರ್.’ ಹೊಳೆಯಲ್ಲಿ ಈಜುವ ಹುಡುಗ ನನ್ನ ತಮ್ಮ. ‘ವ’ ಬಂತು, ಪಾರ್ಟಿಸಿಪಲ್. ‘ಹಿ ಈಸ್ ಸ್ವಿಮ್ಮಿಂಗ್.’ ಈಜುತ್ತಿದ್ದಾನೆ. ಇದನ್ನು ಬಿಡಿಸಿ ನೋಡಿ: ಈಜುತ್ತ, ಇದ್ದಾನೆ. ಇಂಗ್ಲಿಷಿನಲ್ಲಿ ‘ಈಸ್’ ಬೇರೆ, ‘ಸ್ವಿಮ್ಮಿಂಗ್’ ಬೇರೆ. ಎರಡು ಭಾಷೆಯ ಕಟ್ಟಡವೂ ಒಂದೇ. ಇದೂ ಪಾರ್ಟಿಸಿಪಲ್.

ಈ ಪರೀಕ್ಷೆ ಒಂದು ಕಡೆ ಕೈಕೊಡುತ್ತದೆ. ಅದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಪ್ರಶ್ನೆಪತ್ರಿಕೆ ಮಾಡುವವರಿಗೆ ಆ ಜಾಗ ಬಹಳ ಇಷ್ಟ. ‘ಡ್ರಿಂಕಿಂಗ್ ವಾಟರ್’ ಅಂದರೆ ಕುಡಿಯುವ ನೀರು. ‘ರನ್ನಿಂಗ್ ವಾಟರ್’ ಅಂದರೆ ಹರಿಯುವ ನೀರು. ಕನ್ನಡದಲ್ಲಿ ಎರಡಕ್ಕೂ ‘ವ’ ಬಂತು. ಹಾಗಂತ ಎರಡೂ ಪಾರ್ಟಿಸಿಪಲ್ ಅಲ್ಲ. ಇಂಥಲ್ಲಿ ಇನ್ನೊಂದು ಪ್ರಶ್ನೆ ಕೇಳಿ: ಆ ಕೆಲಸವನ್ನು ಆ ವಸ್ತುವೇ ಮಾಡುತ್ತದಾ? ನೀರು ಹರಿಯುತ್ತದಾ? ಹರಿಯುತ್ತದೆ. ಹಾಗಾದರೆ ‘ರನ್ನಿಂಗ್’ ಪಾರ್ಟಿಸಿಪಲ್. ನೀರು ಕುಡಿಯುತ್ತದಾ? ಇಲ್ಲ, ಕುಡಿಯುವವರು ನಾವು. ಅದು ಕುಡಿಯುವುದಕ್ಕೆ ಇರುವ ನೀರು. ಹಾಗಾದರೆ ‘ಡ್ರಿಂಕಿಂಗ್’ ಜೆರಂಡ್. ನಮ್ಮ ಕಡೆ ಪ್ರತಿ ಬಸ್‌ಸ್ಟಾಪಿನಲ್ಲೂ ‘ವೇಟಿಂಗ್ ಶೆಡ್’ ಇದೆಯಲ್ವಾ? ಶೆಡ್ ಯಾರನ್ನೂ ಕಾಯುವುದಿಲ್ಲ. ಒಳಗೆ ನಿಂತವರು ಬಸ್ಸಿಗೆ ಕಾಯುತ್ತಾರೆ. ಅದೂ ಜೆರಂಡ್. ‘ರೀಡಿಂಗ್ ರೂಮ್’, ‘ಫ್ರೈಯಿಂಗ್ ಪ್ಯಾನ್’, ‘ಸ್ಲೀಪಿಂಗ್ ಪಿಲ್’ ಇವೂ ಹಾಗೆಯೇ. ‘ಸ್ಲೀಪಿಂಗ್ ಚೈಲ್ಡ್’ ಅಂದರೆ ಮಗುವೇ ಮಲಗಿದೆ, ಅದು ಪಾರ್ಟಿಸಿಪಲ್. ಇಂಗ್ಲಿಷ್ ಚೆನ್ನಾಗಿ ಮಾತಾಡುವವರ ಬಾಯಲ್ಲಿ ಈ ವ್ಯತ್ಯಾಸ ಕಿವಿಗೂ ಸಿಗುತ್ತದೆ. ‘ಡ್ರಿಂಕಿಂಗ್ ವಾಟರ್’ ಎನ್ನುವಾಗ ಒತ್ತು ಮೊದಲ ಪದಕ್ಕೆ ಬೀಳುತ್ತದೆ. ‘ರನ್ನಿಂಗ್ ವಾಟರ್’ ಎನ್ನುವಾಗ ‘ವಾಟರ್’ಗೂ ಒತ್ತು ಬರುತ್ತದೆ.

ಈಗ ನಿಮ್ಮ ‘ಟು ಮೀಟಿಂಗ್ ಯು’ ಪ್ರಶ್ನೆ. ಇಂಗ್ಲಿಷಿನಲ್ಲಿ ಪ್ರಿಪೊಸಿಷನ್ ಅಂದರೆ ನಮ್ಮ ವಿಭಕ್ತಿ ಪ್ರತ್ಯಯದ ಕೆಲಸ ಮಾಡುವ ಪದ. ವಿಭಕ್ತಿ ಸೇರುವುದು ನಾಮಪದಕ್ಕೆ. ಇಂಗ್ಲಿಷಿನಲ್ಲೂ ಪ್ರಿಪೊಸಿಷನ್ ಆದ ಮೇಲೆ ನಾಮಪದವೇ ಬರಬೇಕು. ಅಲ್ಲಿ ಕ್ರಿಯೆಯನ್ನು ಹೇಳಬೇಕಾದರೆ ಅದನ್ನು ನಾಮಪದ ಮಾಡಿಕೊಳ್ಳಬೇಕು, ಅಂದರೆ ಜೆರಂಡ್. ‘ಗುಡ್ ಅಟ್ ಸಿಂಗಿಂಗ್’, ‘ಟಯರ್ಡ್ ಆಫ್ ವೇಟಿಂಗ್’, ‘ಆಫ್ಟರ್ ರೀಡಿಂಗ್’ ಎಲ್ಲ ಹೀಗೆ ಆದದ್ದು. ಇದುವರೆಗೆ ಗಲಾಟೆ ಇಲ್ಲ. ಗಲಾಟೆ ‘ಟು’ದು, ಯಾಕೆಂದರೆ ಇಂಗ್ಲಿಷಿನಲ್ಲಿ ‘ಟು’ ಎರಡಿವೆ. ಒಂದು ‘ಕಾಸರಗೋಡಿಗೆ’ ಎನ್ನುವಾಗಿನ ‘ಗೆ’, ಪ್ರಿಪೊಸಿಷನ್. ಇನ್ನೊಂದು ‘ಓದಲಿಕ್ಕೆ’ ಎನ್ನುವಾಗಿನ ‘ಲಿಕ್ಕೆ’, ಇನ್ಫಿನಿಟಿವಿನ ಗುರುತು.

ಎದುರಿಗೆ ಬಂದದ್ದು ಯಾವ ‘ಟು’ ಅಂತ ಹೇಗೆ ತಿಳಿಯುವುದು? ಅದರ ಮುಂದೆ ಒಂದು ಸಾದಾ ನಾಮಪದ ಇಟ್ಟು ನೋಡಿ, ಕುಂಬಳೆ ಜಾತ್ರೆಯ ಸಿಡಿಮದ್ದು ಅಂದರೆ ‘ಕುಂಬಳೆ ಬೆಡಿ’ ಅಂತ ಇಟ್ಟುಕೊಳ್ಳಿ. ‘ಐ ಆಮ್ ಲುಕಿಂಗ್ ಫಾರ್ವರ್ಡ್ ಟು ಕುಂಬಳೆ ಬೆಡಿ.’ ಚೆನ್ನಾಗಿ ಕೂತಿತು. ಹಾಗಾದರೆ ಇದು ಪ್ರಿಪೊಸಿಷನ್, ಮುಂದೆ ಕ್ರಿಯೆ ಬಂದರೆ ‘ಮೀಟಿಂಗ್’, ‘ಸೀಯಿಂಗ್’, ‘ಗೋಯಿಂಗ್’ ಆಗಬೇಕು. ಅದೇ ‘ಐ ವಾಂಟ್ ಟು ಕುಂಬಳೆ ಬೆಡಿ’ ಅಂತ ಹೇಳಿ ನೋಡಿ. ಕೂರುವುದೇ ಇಲ್ಲ. ಅದು ಇನ್ಫಿನಿಟಿವಿನ ‘ಟು’, ಮುಂದೆ ‘ಸೀ’, ‘ಗೋ’ ಅಂತ ಬರೀ ಧಾತು ಬೇಕು. ಪ್ರಿಪೊಸಿಷನ್ನಿನ ‘ಟು’ ಇರುವ ಮಾತುಗಳು ತುಂಬಾ ಇಲ್ಲ. ‘ಲುಕ್ ಫಾರ್ವರ್ಡ್ ಟು’, ‘ಆಬ್ಜೆಕ್ಟ್ ಟು’, ‘ಅಕಸ್ಟಮ್ಡ್ ಟು’, ‘ಅಡಿಕ್ಟೆಡ್ ಟು’, ‘ವಿತ್ ಎ ವ್ಯೂ ಟು’, ‘ಬಿ ಯೂಸ್ಡ್ ಟು’. ಪರೀಕ್ಷೆಗಳಲ್ಲಿ ಹೆಚ್ಚಾಗಿ ತಿರುಗುವುದು ಇವೇ.

ಇದರಲ್ಲಿ ಕೊನೆಯದರ ಹತ್ತಿರ ಸ್ವಲ್ಪ ನಿಲ್ಲಬೇಕು. ನಮ್ಮ ಕಡೆ ಎಷ್ಟೋ ಮಂದಿ ಬೆಳಿಗ್ಗೆ ಕಾಸರಗೋಡಿನಿಂದಲೋ ಮಂಜೇಶ್ವರದಿಂದಲೋ ರೈಲು ಹತ್ತಿ ಮಂಗಳೂರಿಗೆ ಕೆಲಸಕ್ಕೆ, ಕಾಲೇಜಿಗೆ ಹೋಗುತ್ತಾರೆ. ಅವರು ‘ಐ ಆಮ್ ಯೂಸ್ಡ್ ಟು ಟ್ರಾವೆಲಿಂಗ್ ಬೈ ಟ್ರೈನ್’ ಅಂದರೆ ರೈಲಿನಲ್ಲಿ ಓಡಾಡಿ ಅಭ್ಯಾಸವಾಗಿದೆ ಅಂತ ಅರ್ಥ. ‘ಐ ಯೂಸ್ಡ್ ಟು ಟ್ರಾವೆಲ್ ಬೈ ಟ್ರೈನ್’ ಅಂದರೆ ಮೊದಲು ಹೋಗುತ್ತಿದ್ದೆ, ಈಗ ಇಲ್ಲ. ‘ಆಮ್’ ಇದೆಯಾ ಇಲ್ಲವಾ ಅಂತ ನೋಡಿ. ಇದ್ದರೆ ‘ಅಭ್ಯಾಸವಾಗಿದೆ’ ಎಂಬ ಅರ್ಥ, ಮುಂದೆ ಜೆರಂಡ್. ಇಲ್ಲದಿದ್ದರೆ ಹಳೆಯ ರೂಢಿ, ಮುಂದೆ ಬರೀ ಧಾತು.

ಈ ಎರಡು ‘ಟು’ಗಳಿಗೆ ಮೂಲದಲ್ಲಿ ಸಂಬಂಧ ಇದೆ. ಹಳೆಯ ಇಂಗ್ಲಿಷಿನಲ್ಲಿ ಇನ್ಫಿನಿಟಿವಿನ ಹಿಂದೆ ಬರುತ್ತಿದ್ದ ‘ಟು’ ಕೂಡ ಪ್ರಿಪೊಸಿಷನ್ನೇ ಆಗಿತ್ತು, ಕ್ರಿಯೆಯ ರೂಪಕ್ಕೆ ನಮ್ಮ ಚತುರ್ಥಿಯಂಥ ಪ್ರತ್ಯಯ ಸೇರುತ್ತಿತ್ತು. ನಾವು ‘ಓದುವುದಕ್ಕೆ’ ಅಂದ ಹಾಗೆ. ‘ಮರಕ್ಕೆ’, ‘ಕೆಲಸಕ್ಕೆ’ ಎಂಬಲ್ಲಿರುವ ‘ಕ್ಕೆ’ಯೇ ‘ಓದುವುದಕ್ಕೆ’ ಎಂಬಲ್ಲಿಯೂ ಇದೆ. ಚತುರ್ಥಿ ಅಂದರೆ ಒಂದು ಕಡೆಗೆ ಮುಖ ಮಾಡುವುದು, ಇನ್ನೂ ತಲುಪದ ಜಾಗದತ್ತ ಹೊರಡುವುದು. ಕಾಲ ಹೋದಂತೆ ಆ ಪ್ರತ್ಯಯ ಸವೆದು ಬಿದ್ದುಹೋಯಿತು, ‘ಟು’ ಮಾತ್ರ ಉಳಿಯಿತು. ಆದರೆ ಮುಂದಕ್ಕೆ ಮುಖ ಮಾಡುವ ಆ ಗುಣ ಇನ್ಫಿನಿಟಿವಿನಲ್ಲಿ ಇವತ್ತಿಗೂ ಇದೆ.

ಇದನ್ನು ಹಿಡಿದುಕೊಂಡರೆ ಯಾವ ಕ್ರಿಯಾಪದದ ಮುಂದೆ ‘ಟು’, ಯಾವುದರ ಮುಂದೆ ‘ಇಂಗ್’ ಎಂಬ ದೊಡ್ಡ ಪಟ್ಟಿಯ ಬಹುಪಾಲು ತಾನಾಗಿಯೇ ಅರ್ಥವಾಗುತ್ತದೆ. ‘ವಾಂಟ್’, ‘ಹೋಪ್’, ‘ಪ್ಲಾನ್’, ‘ಡಿಸೈಡ್’, ‘ಪ್ರಾಮಿಸ್’, ‘ಎಕ್ಸ್‌ಪೆಕ್ಟ್’, ‘ಅಗ್ರೀ’, ‘ರಿಫ್ಯೂಸ್’. ಇವೆಲ್ಲ ಇನ್ನೂ ಆಗದ ಕೆಲಸದ ಮಾತು, ಹಾಗಾಗಿ ‘ಟು’. ‘ಎಂಜಾಯ್’, ‘ಫಿನಿಶ್’, ‘ಕೀಪ್’, ‘ಅಡ್ಮಿಟ್’, ‘ಡಿನೈ’, ‘ಮಿಸ್’. ಇವು ಆಗಿಹೋದ, ಅಥವಾ ಕೈಯಲ್ಲಿ ನಡೆಯುತ್ತಿರುವ ಕೆಲಸವನ್ನು ಒಂದು ವಿಷಯವಾಗಿ ಹಿಡಿಯುತ್ತವೆ, ಹಾಗಾಗಿ ‘ಇಂಗ್’. ಆದರೆ ಇದನ್ನು ಕಾನೂನು ಅಂತ ತಿಳಿಯಬೇಡಿ, ಬರೀ ಒಲವು. ‘ಸಜೆಸ್ಟ್’, ‘ಪೋಸ್ಟ್‌ಪೋನ್’, ‘ಅವಾಯ್ಡ್’, ‘ಕನ್ಸಿಡರ್’ ಎಂಬ ನಾಲ್ಕು ಮುಂದಿನ ಕೆಲಸದ ಬಗ್ಗೆಯೇ ಮಾತಾಡಿದರೂ ಜೆರಂಡನ್ನೇ ಕೇಳುತ್ತವೆ. ಇವನ್ನು ಬಾಯಿಪಾಠ ಮಾಡಿ, ಬೇರೆ ಉಪಾಯ ಇಲ್ಲ. ‘ಹಿ ಸಜೆಸ್ಟೆಡ್ ಟು ಗೋ’ ಎಂಬುದು ನಮ್ಮ ಕಡೆ ಪದೇ ಪದೇ ಕೇಳುವ ತಪ್ಪು. ‘ಹಿ ಸಜೆಸ್ಟೆಡ್ ಗೋಯಿಂಗ್’ ಅನ್ನಬೇಕು.

ಕೆಲವು ಕ್ರಿಯಾಪದಗಳು ಎರಡನ್ನೂ ಒಪ್ಪುತ್ತವೆ, ಆದರೆ ಅರ್ಥ ಬದಲಾಗುತ್ತದೆ. ನನಗೆ ಈ ಪಾಠದಲ್ಲಿ ಅತಿ ಪ್ರೀತಿಯ ಭಾಗ ಇದು. ‘ಐ ಸ್ಟಾಪ್ಡ್ ಡ್ರಿಂಕಿಂಗ್ ಟೀ.’ ಚಾ ಕುಡಿಯುವುದನ್ನು ನಿಲ್ಲಿಸಿದೆ. ‘ಐ ಸ್ಟಾಪ್ಡ್ ಟು ಡ್ರಿಂಕ್ ಟೀ.’ ಚಾ ಕುಡಿಯಲಿಕ್ಕೆ ನಿಂತೆ. ಒಂದರಲ್ಲಿ ಚಾ ಬಿಟ್ಟಾಯಿತು, ಇನ್ನೊಂದರಲ್ಲಿ ಚಾ ಬರಬೇಕಷ್ಟೇ. ‘ಐ ರಿಮೆಂಬರ್ ಲಾಕಿಂಗ್ ದಿ ಡೋರ್’ ಅಂದರೆ ಬೀಗ ಹಾಕಿದ್ದು ನೆನಪಿದೆ. ‘ರಿಮೆಂಬರ್ ಟು ಲಾಕ್ ದಿ ಡೋರ್’ ಅಂದರೆ ಬೀಗ ಹಾಕಲಿಕ್ಕೆ ಮರೆಯಬೇಡ. ‘ಐ ರಿಗ್ರೆಟ್ ಸೇಯಿಂಗ್ ದಟ್’ ಎಂಬುದು ಹಾಗೆ ಹೇಳಿದ್ದಕ್ಕೆ ಈಗ ಪಶ್ಚಾತ್ತಾಪ. ‘ಐ ರಿಗ್ರೆಟ್ ಟು ಸೇ’ ಎಂಬುದು ಇನ್ನು ಹೇಳಲಿರುವ ಕೆಟ್ಟ ಸುದ್ದಿಯ ಪೀಠಿಕೆ. ಪ್ರತಿ ಜೋಡಿಯಲ್ಲೂ ‘ಇಂಗ್’ ಹಿಂದೆ ನೋಡುತ್ತದೆ, ‘ಟು’ ಮುಂದೆ ನೋಡುತ್ತದೆ. ಕನ್ನಡದಲ್ಲೂ ‘ಹಾಕಿದ್ದು’, ‘ಹಾಕಲಿಕ್ಕೆ’ ಅಂತ ಅದೇ ವ್ಯತ್ಯಾಸ ಬಂತು ನೋಡಿ. ‘ಟ್ರೈ’ ಮಾತ್ರ ಸ್ವಲ್ಪ ಬೇರೆ. ‘ಟ್ರೈ ಟು ಓಪನ್’ ಅಂದರೆ ತೆರೆಯಲಿಕ್ಕೆ ಪ್ರಯತ್ನಿಸು. ‘ಟ್ರೈ ಓಪನಿಂಗ್ ದಿ ವಿಂಡೋ’ ಅಂದರೆ ಕಿಟಕಿ ತೆರೆದು ನೋಡು, ಸೆಕೆ ಕಡಿಮೆಯಾಗಬಹುದು ಅಂತ. ‘ಬಿಗಿನ್’, ‘ಸ್ಟಾರ್ಟ್’, ‘ಲೈಕ್’ ಇವುಗಳ ಮುಂದೆ ಯಾವುದು ಹಾಕಿದರೂ ಹೆಚ್ಚು ವ್ಯತ್ಯಾಸ ಇಲ್ಲ.

‘ಟು’ ಇಲ್ಲದ ಇನ್ಫಿನಿಟಿವ್ ಕೂಡ ಇದೆ. ‘ಮಸ್ಟ್’, ‘ಕ್ಯಾನ್’, ‘ಮೇ’, ‘ಶುಡ್’ ಆದ ಮೇಲೆ ‘ಟು’ ಹಾಕಬಾರದು. ಇದಕ್ಕೆ ನಿಯಮ ಹುಡುಕುವ ಮೊದಲು ‘ಓದಬೇಕು’ ಎಂಬುದನ್ನು ಬಿಡಿಸಿ ನೋಡಿ. ‘ಓದ’, ‘ಬೇಕು’. ಅಲ್ಲಿ ‘ಲಿಕ್ಕೆ’ ಇಲ್ಲ. ‘ಓದಬಹುದು’, ‘ಓದಬಲ್ಲೆ’, ‘ಓದಬಾರದು’ ಎಂಬಲ್ಲೂ ಇಲ್ಲ. ‘ನಾನು ಇವತ್ತು ಓದಲಿಕ್ಕೆಬೇಕು’ ಅಂತ ಯಾರಾದರೂ ಅಂದರೆ ನಿಮ್ಮ ಕಿವಿಗೆ ಹೇಗೆ ಕೇಳುತ್ತದೋ, ‘ಐ ಮಸ್ಟ್ ಟು ರೀಡ್’ ಎಂಬುದು ಇಂಗ್ಲಿಷಿನವರ ಕಿವಿಗೆ ಹಾಗೆಯೇ ಕೇಳುತ್ತದೆ. ‘ಶುಡ್’ನ ಅರ್ಥವೇ ಇರುವ ‘ಆಟ್’ ಒಂದು ಹೊರತು, ಅದಕ್ಕೆ ‘ಟು’ ಬೇಕು.

‘ಮೇಕ್’ ಮತ್ತು ‘ಲೆಟ್’ ಕೂಡ ಬರೀ ಧಾತುವನ್ನೇ ಕೇಳುತ್ತವೆ. ‘ದಿ ಟೀಚರ್ ಮೇಡ್ ಹಿಮ್ ರೀಡ್.’ ಟೀಚರ್ ಅವನಿಂದ ಓದಿಸಿದರು. ಆದರೆ ಇದನ್ನು ಪ್ಯಾಸಿವ್ ಮಾಡಿದ ಕೂಡಲೇ ‘ಟು’ ವಾಪಸು ಬರುತ್ತದೆ. ‘ಹಿ ವಾಸ್ ಮೇಡ್ ಟು ರೀಡ್.’ ಇದರ ಮೇಲೆ ಒಂದು ಕಣ್ಣು ಇಟ್ಟುಕೊಂಡೇ ಇರಿ, ಪರೀಕ್ಷೆಯಲ್ಲಿ ಎಲ್ಲಾದರೂ ಎದುರಾಗುತ್ತದೆ. ‘ಹೆಲ್ಪ್’ಗೆ ‘ಟು’ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ‘ಸೀ’, ‘ಹಿಯರ್’ ಎಂಬವುಗಳ ಜೊತೆ ಬರೀ ಧಾತುವೂ ಬರಬಹುದು, ಪಾರ್ಟಿಸಿಪಲ್ಲೂ ಬರಬಹುದು. ‘ಐ ಸಾ ಹಿಮ್ ಕ್ರಾಸ್ ದಿ ರೋಡ್’ ಅಂದರೆ ಅವನು ರಸ್ತೆ ದಾಟಿದ್ದನ್ನು ಪೂರ್ತಿ ನೋಡಿದೆ. ‘ಕ್ರಾಸಿಂಗ್’ ಅಂದರೆ ದಾಟುತ್ತಿರುವಾಗ ಕಣ್ಣಿಗೆ ಬಿದ್ದ, ಆಚೆ ಮುಟ್ಟಿದನೋ ಅಂತ ಆ ವಾಕ್ಯ ಹೇಳುವುದಿಲ್ಲ.

ಇಲ್ಲಿಯ ತನಕ ಕನ್ನಡ ನಿಮಗೆ ಸಹಾಯ ಮಾಡಿತು. ಇನ್ನು ಪಾರ್ಟಿಸಿಪಲ್ಲಿನಲ್ಲಿ ಕನ್ನಡವೇ ದಾರಿ ತಪ್ಪಿಸುವ ಜಾಗಗಳಿವೆ. ಅಲ್ಲಿ ಹುಷಾರಾಗಿರಬೇಕು.

ನಮ್ಮ ಕೃದಂತನಾಮ ಬಹಳ ಉದಾರಿ. ‘ಸುಲಿದ’ ಎಂಬ ಒಂದೇ ಪದ ತೆಗೆದುಕೊಳ್ಳಿ. ಸುಲಿದ ಅಡಿಕೆ. ಅಡಿಕೆ ಸುಲಿದ ಆಳು. ಅಡಿಕೆ ಸುಲಿದ ಕತ್ತಿ. ಅಡಿಕೆ ಸುಲಿದ ದಿನ. ಅಡಿಕೆ ಸುಲಿದ ಅಂಗಳ. ಮಾಡಿದವನು, ಮಾಡಿಸಿಕೊಂಡದ್ದು, ಸಾಧನ, ಕಾಲ, ಜಾಗ, ಯಾವುದಕ್ಕೆ ಬೇಕಾದರೂ ಅದು ಅಂಟಿಕೊಳ್ಳುತ್ತದೆ. ಇಂಗ್ಲಿಷ್ ಪಾರ್ಟಿಸಿಪಲ್ಲಿಗೆ ಈ ಸ್ವಾತಂತ್ರ್ಯ ಇಲ್ಲ. ‘ಪೀಲ್ಡ್’ ಎಂಬುದು ಸುಲಿಸಿಕೊಂಡ ವಸ್ತುವಿಗೆ ಮಾತ್ರ ಸೇರುತ್ತದೆ. ‘ಪೀಲ್ಡ್ ನಟ್ಸ್’ ಸರಿ. ‘ಪೀಲ್ಡ್ ವರ್ಕರ್’ ಅಂದರೆ ಕೆಲಸದವನ ಚರ್ಮ ಸುಲಿದ ಅರ್ಥ ಬರುತ್ತದೆ. ‘ಪೀಲಿಂಗ್’ ಎಂಬುದು ಸುಲಿಯುವವನಿಗೆ. ‘ದಿ ಮ್ಯಾನ್ ಪೀಲಿಂಗ್ ದಿ ನಟ್ಸ್’ ಸರಿ. ಉಳಿದ ಎಲ್ಲದಕ್ಕೂ ಇಂಗ್ಲಿಷ್ ‘ಹೂ’, ‘ವಿಚ್’, ‘ವೆನ್’, ‘ವೇರ್’ ಹಾಕಿ ಒಂದು ಸಣ್ಣ ವಾಕ್ಯವನ್ನೇ ಜೋಡಿಸುತ್ತದೆ. ‘ದಿ ಡೇ ವೆನ್ ವಿ ಪೀಲ್ಡ್ ದಿ ನಟ್ಸ್.’ ಹಾಗಾಗಿ ಕನ್ನಡದ ‘ದ’ ಮತ್ತು ‘ವ’ ಕಂಡಲ್ಲೆಲ್ಲ ಪಾರ್ಟಿಸಿಪಲ್ ಹಾಕಲಿಕ್ಕೆ ಹೋಗಬೇಡಿ. ಮಾಡುವವನಿಗೆ ‘ಇಂಗ್’, ಮಾಡಿಸಿಕೊಂಡದ್ದಕ್ಕೆ ‘ಪೀಲ್ಡ್’ನಂಥ ಪಾಸ್ಟ್ ಪಾರ್ಟಿಸಿಪಲ್, ಬೇರೆ ಏನಿದ್ದರೂ ‘ಹೂ, ವಿಚ್’ ಕಡೆಗೆ ಹೋಗಿ. ‘ಫಾಲನ್ ಲೀವ್ಸ್’, ‘ರಿಟೈರ್ಡ್ ಟೀಚರ್’ ಎಂಬಂಥ ಕೆಲವು ಕಡೆ ಮಾತ್ರ ಪಾಸ್ಟ್ ಪಾರ್ಟಿಸಿಪಲ್ ಮಾಡಿದವರಿಗೇ ಸೇರುತ್ತದೆ. ಬಿದ್ದ ಎಲೆ, ನಿವೃತ್ತರಾದ ಟೀಚರ್. ಈ ಕ್ರಿಯೆಗಳಿಗೆ ಕರ್ಮಪದ ಇಲ್ಲ ಎಂಬುದನ್ನು ಗಮನಿಸಿ.

‘ಬೋರಿಂಗ್’, ‘ಬೋರ್ಡ್’ ಗೊಂದಲವೂ ಇದರದ್ದೇ ಮರಿ. ಪಾಠ ಬೇಸರ ಹುಟ್ಟಿಸುತ್ತದೆ, ಪಾಠ ‘ಬೋರಿಂಗ್’. ಬೇಸರಕ್ಕೆ ಗುರಿಯಾದವರು ನೀವು, ನೀವು ‘ಬೋರ್ಡ್’. ‘ಐ ಆಮ್ ಬೋರಿಂಗ್’ ಅಂದರೆ ನನ್ನ ಜೊತೆ ಕೂತವರಿಗೆಲ್ಲ ಬೇಸರ ಅಂತ. ‘ಇಂಟರೆಸ್ಟಿಂಗ್’, ‘ಎಕ್ಸೈಟಿಂಗ್’, ‘ಕನ್‌ಫ್ಯೂಸಿಂಗ್’ ಎಲ್ಲಕ್ಕೂ ಇದೇ ಲೆಕ್ಕ.

ಇನ್ನೊಂದು ‘ಮಾಡಿ’, ‘ಮುಗಿಸಿ’, ‘ಹೋಗಿ’ ಎಂಬ ರೂಪ. ಭೂತಕಾಲದ ಕೃದಂತಾವ್ಯಯ. ಇದನ್ನು ಇಂಗ್ಲಿಷಿನ ಪಾಸ್ಟ್ ಪಾರ್ಟಿಸಿಪಲ್ ಅಂತ ತಿಳಿದು ‘ಫಿನಿಶ್ಡ್ ದಿ ವರ್ಕ್, ಐ ವೆಂಟ್ ಹೋಮ್’ ಅಂತ ಬರೆಯುವವರಿದ್ದಾರೆ. ಅದು ಆಗುವುದಿಲ್ಲ. ಕೆಲಸ ಮುಗಿಸಿ ಎನ್ನುವುದಕ್ಕೆ ‘ಹ್ಯಾವಿಂಗ್ ಫಿನಿಶ್ಡ್ ದಿ ವರ್ಕ್’ ಅನ್ನಬೇಕು. ಅದಕ್ಕಿಂತಲೂ, ಇಂಥ ಕಡೆ ಇಂಗ್ಲಿಷಿನ ಸಹಜ ದಾರಿ ‘ಆಂಡ್’. ನಾವು ‘ಬೆಳಿಗ್ಗೆ ಎದ್ದು, ಮಿಂದು, ಚಾ ಕುಡಿದು, ಬಸ್ಸು ಹಿಡಿದು ಕಾಸರಗೋಡಿಗೆ ಹೋಗಿ ಅರ್ಜಿ ಕೊಟ್ಟೆ’ ಅಂತ ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಕೊನೆಯಲ್ಲಿ ಒಂದೇ ಕ್ರಿಯಾಪದ. ಕೇಳಲಿಕ್ಕೆ ಎಷ್ಟು ಚೆಂದ! ಇದನ್ನು ಇಂಗ್ಲಿಷಿಗೆ ತರುವಾಗ ಐದು ‘ಹ್ಯಾವಿಂಗ್’ ಸಾಲಾಗಿ ಇಟ್ಟರೆ ಓದಲಿಕ್ಕಾಗದು. ‘ಐ ಗಾಟ್ ಅಪ್, ಹ್ಯಾಡ್ ಎ ಬಾತ್, ಡ್ರ್ಯಾಂಕ್ ಟೀ’ ಅಂತ ಪೂರ್ಣ ಕ್ರಿಯಾಪದಗಳನ್ನೇ ಪೋಣಿಸಿ, ಕೊನೆಯದರ ಹಿಂದೆ ‘ಆಂಡ್’ ಹಾಕಿ.

ಮೂರನೆಯದು ಪರೀಕ್ಷೆಯಲ್ಲಿ ‘ತಪ್ಪು ಗುರುತಿಸಿ’ ಎಂದು ಬರುವ ಬಗೆ. ‘ಮಳೆ ಬಂದು ಗದ್ದೆ ತುಂಬಿತು.’ ಬಂದದ್ದು ಮಳೆ, ತುಂಬಿದ್ದು ಗದ್ದೆ. ಕನ್ನಡದಲ್ಲಿ ಇದಕ್ಕೆ ಯಾರ ತಕರಾರೂ ಇಲ್ಲ. ‘ಚಂದ್ರಗಿರಿ ಸೇತುವೆ ದಾಟುವಾಗ ಕೋಟೆ ಕಾಣುತ್ತದೆ.’ ದಾಟುವವರು ಯಾರು ಅಂತ ಹೇಳದಿದ್ದರೂ ಅರ್ಥವಾಗುತ್ತದೆ. ಇಂಗ್ಲಿಷಿನಲ್ಲಿ ‘ಕ್ರಾಸಿಂಗ್ ದಿ ಬ್ರಿಜ್, ದಿ ಫೋರ್ಟ್ ಈಸ್ ಸೀನ್’ ಅಂದರೆ ಕೋಟೆಯೇ ಸೇತುವೆ ದಾಟುತ್ತಿದೆ ಎಂಬ ಅರ್ಥ ಬರುತ್ತದೆ. ವಾಕ್ಯದ ಮೊದಲಿಗೆ ಬಂದ ಪಾರ್ಟಿಸಿಪಲ್ ಮುಖ್ಯ ವಾಕ್ಯದ ಕರ್ತೃವಿಗೆ ಹೋಗಿ ಅಂಟುತ್ತದೆ. ‘ಕ್ರಾಸಿಂಗ್ ದಿ ಬ್ರಿಜ್, ವಿ ಸಾ ದಿ ಫೋರ್ಟ್’ ಅಂದರೆ ಸರಿಯಾಯಿತು. ಮೊದಲಿನ ವಾಕ್ಯದ ತಪ್ಪಿಗೆ ಇಂಗ್ಲಿಷಿನವರು ಡ್ಯಾಂಗ್ಲಿಂಗ್ ಪಾರ್ಟಿಸಿಪಲ್ ಅನ್ನುತ್ತಾರೆ. ಇಂಗ್ಲಿಷನ್ನೇ ಮನೆಮಾತಾಗಿ ಆಡುವವರೂ ಈ ತಪ್ಪು ಮಾಡುತ್ತಾರೆ. ಹಾಗಾಗಿ ನಿಮಗೆ ತಪ್ಪಿದರೆ ನಾಚಿಕೊಳ್ಳುವ ಅಗತ್ಯವಿಲ್ಲ. ಅಲ್ಪವಿರಾಮ ಕಂಡ ಕೂಡಲೇ ಅದರ ಆಚೆ ಯಾರಿದ್ದಾರೆ ಅಂತ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಇನ್ನು ಅಲ್ಲಗಳೆಯುವ ರೂಪ. ‘ಹೇಳದೆ ಹೋದ’ ಎಂಬಲ್ಲಿನ ‘ಹೇಳದೆ’ಗೆ ಇಂಗ್ಲಿಷಿನಲ್ಲಿ ಒಂದೇ ಪದ ಸಿಗುವುದಿಲ್ಲ. ‘ವಿದೌಟ್ ಟೆಲಿಂಗ್’ ಅನ್ನಬೇಕು. ‘ವಿದೌಟ್’ ಪ್ರಿಪೊಸಿಷನ್, ಹಾಗಾಗಿ ಜೆರಂಡ್. ‘ವಿದೌಟ್ ಟೆಲ್’, ‘ವಿದೌಟ್ ಟೋಲ್ಡ್’ ಯಾವುದೂ ಇಲ್ಲ. ಇನ್ಫಿನಿಟಿವಿಗೆ ‘ನಾಟ್’ ಬೇಕಾದರೆ ‘ಟು’ವಿನ ಹಿಂದೆ ಇಡಿ. ‘ಹಿ ಡಿಸೈಡೆಡ್ ನಾಟ್ ಟು ಗೋ.’

ಅಭ್ಯಾಸಕ್ಕೆ ಒಂದು ಕ್ರಮ ಹೇಳುತ್ತೇನೆ. ಇಂಗ್ಲಿಷ್ ಪತ್ರಿಕೆಯ ಒಂದು ಸಣ್ಣ ವರದಿ ತೆಗೆದುಕೊಂಡು ಅದರಲ್ಲಿರುವ ಪ್ರತಿ ‘ಇಂಗ್’ ಮತ್ತು ಪ್ರತಿ ‘ಟು’ಗೆ ಪೆನ್ಸಿಲಿನಿಂದ ಗೆರೆ ಹಾಕಿ. ಪಕ್ಕದಲ್ಲಿ ‘ವುದು’, ‘ವ’, ‘ತ್ತ’, ‘ಲಿಕ್ಕೆ’, ‘ಗೆ’ ಇವುಗಳಲ್ಲಿ ಯಾವುದು ಅಂತ ಕನ್ನಡದಲ್ಲೇ ಬರೆಯಿರಿ. ಇಂಗ್ಲಿಷ್ ಹೆಸರು ಆಮೇಲೆ. ಕೈ ಕುದುರಿದ ಮೇಲೆ ತಿರುಗಿಸಿ ಮಾಡಿ. ಕನ್ನಡ ಪತ್ರಿಕೆಯ ಒಂದು ಪ್ಯಾರಾದಲ್ಲಿ ಕೃದಂತಗಳನ್ನು ಗುರುತಿಸಿ, ಯಾವುದನ್ನು ಇಂಗ್ಲಿಷಿನಲ್ಲಿ ಪಾರ್ಟಿಸಿಪಲ್ ಮಾಡಬಹುದು, ಯಾವುದಕ್ಕೆ ‘ಹೂ, ವಿಚ್’ ಬೇಕು ಅಂತ ಯೋಚಿಸಿ. ಇದು ಮೊದಲಿನದಕ್ಕಿಂತ ಕಷ್ಟ, ಆದರೆ ಬರವಣಿಗೆ ಸುಧಾರಿಸುವುದು ಇದರಿಂದಲೇ.

ಪರೀಕ್ಷೆಯ ದಿನ ಬಿಟ್ಟ ಸ್ಥಳ ತುಂಬುವ ಪ್ರಶ್ನೆ ಬಂದರೆ ಆಯ್ಕೆಗಳನ್ನು ಓದುವ ಮೊದಲು ಖಾಲಿ ಜಾಗದ ಎಡಗಡೆ ಏನಿದೆ ಅಂತ ನೋಡಿ. ‘ಅಟ್’, ‘ಆಫ್’, ‘ವಿದೌಟ್’, ‘ಆಫ್ಟರ್’ ಥರ ಪ್ರಿಪೊಸಿಷನ್ ಇದ್ದರೆ ಕಣ್ಣುಮುಚ್ಚಿ ‘ಇಂಗ್’. ‘ಟು’ ಇದ್ದರೆ ಕುಂಬಳೆ ಬೆಡಿ ಹಾಕಿ ನೋಡಿ. ‘ಕ್ಯಾನ್’, ‘ಮಸ್ಟ್’, ‘ಲೆಟ್ ಹಿಮ್’, ‘ಮೇಡ್ ಹರ್’ ಇದ್ದರೆ ಬರೀ ಧಾತು. ‘ವಾಸ್ ಮೇಡ್’ ಇದ್ದರೆ ‘ಟು’ ಸಹಿತ. ಬೇರೆ ಕ್ರಿಯಾಪದ ಇದ್ದರೆ ಅದು ಮುಂದೆ ನೋಡುತ್ತದೋ ಹಿಂದೆ ನೋಡುತ್ತದೋ ಅಂತ ಕೇಳಿ, ಆ ನಾಲ್ಕು ಹೊರತುಗಳನ್ನು ನೆನಪಿಟ್ಟುಕೊಂಡು. ಎಡಗಡೆ ಏನೂ ಇಲ್ಲದೆ ಖಾಲಿ ಜಾಗವೇ ವಾಕ್ಯದ ಮೊದಲಿಗೆ ಬಂದರೆ, ಅಲ್ಪವಿರಾಮದ ಆಚೆಗಿನ ಕರ್ತೃವನ್ನು ಹುಡುಕಿ. ಅವನೇ ಮಾಡಿದ್ದಾದರೆ ‘ಇಂಗ್’ ಅಥವಾ ‘ಹ್ಯಾವಿಂಗ್’, ಅವನಿಗೆ ಆದದ್ದಾದರೆ ಪಾಸ್ಟ್ ಪಾರ್ಟಿಸಿಪಲ್. ಅಲ್ಪವಿರಾಮವೇ ಇಲ್ಲದೆ ನೇರವಾಗಿ ‘ಈಸ್’ ಬಂದರೆ ಅದು ಕರ್ತೃವಿನ ಜಾಗ, ಜೆರಂಡ್ ಹಾಕಿ ಮುಂದಿನ ಪ್ರಶ್ನೆಗೆ ಹೋಗಿ.